ಸೀಸ ಸೇರಿದ ಮಣ್ಣನ್ನು ‘ಕಲುಷಿತ’ ಎಂದರೆ ಸಾಕೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಮಾಸಪತ್ರಿಕೆಯೊಂದಕ್ಕಾಗಿ ಲಾಸ್ ಏಂಜಲೀಸ್ ಪಕ್ಕದ ವರ್ನನ್ ಎಂಬ ಊರಿನ ಬ್ಯಾಟರಿ ಕಾರ್ಖಾನೆಯ ಕಥೆಯನ್ನು ಬರೆಯುತ್ತಿದ್ದೇನೆ. ನಾಲ್ಕಾರು ಪದಗಳಲ್ಲಿ ಸಿಕ್ಕಿಕೊಂಡು ಹತ್ತು ದಿನಗಳಿಂದ ಬರವಣಿಗೆ ನಿಂತಿದೆ. ನಿಘಂಟು ಕೊಡುವ ಪದಗಳನ್ನು ಇಟ್ಟುಕೊಂಡು ಓದಿದರೆ ವಾಕ್ಯ ಸರಿಯಾಗಿಯೇ ಇರುತ್ತದೆ, ಆದರೆ ಓದಿದವರು ಮನೆಯಲ್ಲಿ ಮಾಡುವ ಕೆಲಸ ತಪ್ಪಾಗುತ್ತದೆ ಎಂಬ ಭಯ ನನ್ನದು.

ಮೊದಲು ಸಂಗತಿ. ಹಳೆಯ ಕಾರು, ಲಾರಿಗಳ ಬ್ಯಾಟರಿ ಒಡೆದು, ಒಳಗಿನ ಸೀಸವನ್ನು ಕುಲುಮೆಯಲ್ಲಿ ಕರಗಿಸಿ ಮತ್ತೆ ಮಾರುವುದು ಆ ಕಾರ್ಖಾನೆಯ ಕಸುಬು. ಆ ಜಾಗದಲ್ಲಿ ಕಾರ್ಖಾನೆ 1922ರಿಂದಲೂ ಇತ್ತು. 2000ದಲ್ಲಿ ಅದು ಎಕ್ಸೈಡ್ ಟೆಕ್ನಾಲಜೀಸ್ ಎಂಬ ಅಮೆರಿಕದ ಕಂಪನಿಯ ಕೈಗೆ ಬಂತು (ನಮ್ಮಲ್ಲಿ ಇದೇ ಹೆಸರಿನ ಬ್ಯಾಟರಿ ತಯಾರಿಸುವ ಭಾರತೀಯ ಕಂಪನಿ ಬೇರೆಯೇ ಸಂಸ್ಥೆ, ದಯವಿಟ್ಟು ಬೆರೆಸಬೇಡಿ). ವರ್ನನ್‌ನಲ್ಲಿ ವಾಸಿಸುವವರು ಕೆಲವೇ ನೂರು ಜನ. ‘ಉದ್ಯಮಕ್ಕೆ ಮಾತ್ರ’ ಎಂಬುದು ಆ ಊರಿನ ಘೋಷವಾಕ್ಯ. ಆದರೆ ಊರಿನ ಗಡಿ ದಾಟಿದರೆ ಬಾಯ್ಲ್ ಹೈಟ್ಸ್, ಮೇವುಡ್, ಹಂಟಿಂಗ್ಟನ್ ಪಾರ್ಕ್, ಕಾಮರ್ಸ್. ಅಲ್ಲೆಲ್ಲ ಹೆಚ್ಚಿನವರು ಸ್ಪ್ಯಾನಿಷ್ ಮಾತನಾಡುವ ದುಡಿಯುವ ಕುಟುಂಬಗಳವರು, ಮನೆಯ ಮುಂದೆ ಅಂಗೈಯಗಲದ ಅಂಗಳ, ಒಂದು ನಿಂಬೆ ಗಿಡ. ಕಾರ್ಖಾನೆಯ ಸುತ್ತ 1.7 ಮೈಲಿಯೊಳಗೆ ಸುಮಾರು 10,000 ನಿವೇಶನಗಳ ಮಣ್ಣಿನಲ್ಲಿ ಸೀಸವಿದೆಯೇ ಎಂದು ಪರೀಕ್ಷಿಸಬೇಕಾಯಿತು.

ಈಗ ನನ್ನ ತೊಡಕು. ‘ಮಣ್ಣು ಸೀಸದಿಂದ ಕಲುಷಿತಗೊಂಡಿದೆ’ ಎಂದು ಬರೆದೆ. ನಮ್ಮ ಪತ್ರಿಕೆಗಳಲ್ಲಿ ‘ಕಲುಷಿತ’ ಎಲ್ಲಿ ಬರುತ್ತದೆ, ನೆನಪಿಸಿಕೊಳ್ಳಿ. ‘ಕಲುಷಿತ ನೀರು ಸೇವನೆ: ಮೂವತ್ತು ಮಂದಿ ಅಸ್ವಸ್ಥ.’ ಆ ಪದ ಕಂಡ ಕೂಡಲೇ ಮನಸ್ಸಿಗೆ ಬರುವುದು ವಾಂತಿಭೇದಿ, ಆಸ್ಪತ್ರೆ, ಆಮೇಲೆ ‘ನೀರನ್ನು ಕುದಿಸಿ ಆರಿಸಿ ಕುಡಿಯಿರಿ’ ಎಂಬ ಸೂಚನೆ. ಸೀಸ ಹಾಗೆ ನಡೆದುಕೊಳ್ಳುವುದಿಲ್ಲ. ಮಗುವಿಗೆ ಅಂದೇ ವಾಂತಿಯಾಗುವುದಿಲ್ಲ. ಅಂಗಳದಲ್ಲಿ ಆಡಿ ಬಂದು ಕೈ ಬಾಯಿಗಿಟ್ಟಿತು, ಅಷ್ಟೇ. ದೇಹ ಅದನ್ನು ಸುಣ್ಣದಂಶವೆಂದು ತಪ್ಪಾಗಿ ಗುರುತಿಸಿ ಎಲುಬಿನಲ್ಲಿ ಕೂಡಿಡುತ್ತದೆ, ಎಳೆಯ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ, ಕಲಿಕೆ ಹಿಂದೆ ಬೀಳುತ್ತದೆ. ನೀರಿನಲ್ಲಿ ಸೀಸವಿದ್ದರೆ ಕುದಿಸಿದಾಗ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಸೀಸ ದಟ್ಟವಾಗುತ್ತದೆ. ಹೀಗಾಗಿ ‘ಕಲುಷಿತ’ ಎಂದು ಬರೆದರೆ ಓದುಗರ ಕೈಗೆ ತಪ್ಪು ಮದ್ದು ಕೊಟ್ಟಂತಾಗುತ್ತದೆ.

‘ಸೀಸದ ಮಾಲಿನ್ಯ’ ಇನ್ನೂ ಸಪ್ಪೆ. ಮಲಿನವಾದದ್ದನ್ನು ತೊಳೆಯಬಹುದು. ಈ ಎರಡೂ ಪದಗಳಿಗೆ ಇನ್ನೊಂದು ಕೊರತೆ ಇದೆ, ನನಗೆ ಹೆಚ್ಚು ನೋವಾಗುವುದು ಅದರಿಂದಲೇ: ‘ಕಲುಷಿತಗೊಂಡಿದೆ’ ಎನ್ನುವಾಗ ಮಾಡಿದವರು ವಾಕ್ಯದಿಂದಲೇ ಮಾಯವಾಗುತ್ತಾರೆ, ಬಟ್ಟೆ ತಾನಾಗಿ ಮಾಸಿದ ಹಾಗೆ. ‘ಕುಲುಮೆಯ ಸೀಸ ಅಂಗಳಕ್ಕೆ ಬಂದು ಬಿತ್ತು’ ಎಂದಾಗ ಮಾತ್ರ ಸೀಸ ಎಲ್ಲಿಂದ ಹೊರಟಿತು, ಎಲ್ಲಿ ಬಂದು ಕೂತಿತು ಎಂಬುದು ಕಾಣುತ್ತದೆ. ಸದ್ಯಕ್ಕೆ ‘ಸೀಸ ಸೇರಿದ ಮಣ್ಣು’ ಎಂದು ಇಟ್ಟುಕೊಂಡಿದ್ದೇನೆ. ‘ಸೀಸ ಕೂತ ಮಣ್ಣು’, ‘ಸೀಸ ಹತ್ತಿದ ಮಣ್ಣು’ ಕೂಡ ಮನಸ್ಸಿನಲ್ಲಿವೆ. ಮಸಿ ಹತ್ತುತ್ತದೆ, ಜಿಡ್ಡು ಹತ್ತುತ್ತದೆ, ಆದ್ದರಿಂದ ‘ಹತ್ತು’ ಇಲ್ಲಿಗೆ ಒಗ್ಗಬಹುದು. ನಿಮ್ಮ ಕಡೆ ಯಾವುದು ಕಿವಿಗೆ ಸಹಜವಾಗಿ ಕೇಳುತ್ತದೆ?

ಇದನ್ನು ಇಷ್ಟು ಹಚ್ಚಿಕೊಳ್ಳಲು ಕಾರಣವಿದೆ. ನಾನು ಬೆಳೆದ ಬೀದಿಯ ತುದಿಯಲ್ಲಿ ಒಂದು ಗುಜರಿ ಅಂಗಡಿಯಿತ್ತು. ಅದರ ಹಿತ್ತಿಲಿನಲ್ಲಿ ಬ್ಯಾಟರಿ ಒಡೆದು ಪ್ಲೇಟು ಕರಗಿಸುತ್ತಿದ್ದರು. ಸಂಜೆ ಹೊಗೆ ಎದ್ದಾಗ ಅಮ್ಮ ಕಿಟಕಿ ಮುಚ್ಚುತ್ತಿದ್ದರು, ಹೊಗೆ ಇಳಿದ ಮೇಲೆ ನಮ್ಮನ್ನು ಆಡಲು ಬಿಡುತ್ತಿದ್ದರು. ‘ಹೊಗೆ’ ಎಂಬ ಪದ ಮನೆಯಲ್ಲಿತ್ತು, ಅದಕ್ಕೆ ಕಿಟಕಿ ಮುಚ್ಚುವುದೂ ಗೊತ್ತಿತ್ತು. ಮಣ್ಣಿನಲ್ಲಿ ಉಳಿದದ್ದಕ್ಕೆ ಪದವಿರಲಿಲ್ಲ. ಆ ಮಣ್ಣಿನಲ್ಲೇ ಕುಳಿ ತೋಡಿ ನಾವು ಗೋಲಿ ಆಡಿದೆವು.

ಪದವೇನೋ ‘ಸೀಸ’ ಎಂಬುದು ಸರಿ, ಆದರೆ ಅದಕ್ಕೂ ಗೊಂದಲ ತಪ್ಪಿದ್ದಲ್ಲ. ಹಿಂದಿನವರು ಪೆನ್ಸಿಲನ್ನು ‘ಸೀಸದ ಕಡ್ಡಿ’ ಎನ್ನುತ್ತಿದ್ದರು. ಅದರೊಳಗಿರುವುದು ಗ್ರಾಫೈಟ್, ಸೀಸ ಅಲ್ಲವೇ ಅಲ್ಲ. ನನ್ನ ಕರಡನ್ನು ಓದಿದ ಚಿಕ್ಕಮ್ಮ ಮೊದಲು ಕೇಳಿದ್ದೇ ‘ಮಕ್ಕಳ ಪೆನ್ಸಿಲ್ ಬಿಸಾಡಬೇಕೇ?’ ಎಂದು. ಹಾಗಾಗಿ ಲೇಖನದಲ್ಲಿ ‘ಬ್ಯಾಟರಿಯ ಸೀಸ’ ಎಂದೇ ಬರೆಯುತ್ತಿದ್ದೇನೆ. ವರ್ನನ್ ಸುತ್ತಲಿನ ತಾಯಂದಿರು ಅದನ್ನು ‘ಪ್ಲೋಮೋ’ ಎನ್ನುತ್ತಾರೆ, ಲ್ಯಾಟಿನ್ನಿನ ‘ಪ್ಲಂಬಂ’ನಿಂದ ಬಂದದ್ದು. ನಾವು ನಲ್ಲಿ ರಿಪೇರಿಗೆ ಕರೆಯುವ ‘ಪ್ಲಂಬರ್’ ಕೂಡ ಅದೇ ಬೇರಿನವನು, ಹಿಂದೆ ಕೊಳವೆಗಳು ಸೀಸದವಾಗಿದ್ದ ಕಾರಣ.

ಮುಂದಿನದು ‘ಸ್ವಚ್ಛತಾ ಕಾರ್ಯ’. ಇಲ್ಲಿಯೂ ಕಣ್ಣಿಗೆ ಬರುವುದು ಪೊರಕೆ. ಸೀಸದ ಧೂಳನ್ನು ಒಣದಾಗಿ ಗುಡಿಸಿದರೆ ಅದು ಗಾಳಿಗೇರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಬೇಕು. ಅಂಗಳದಲ್ಲಂತೂ ಅಲ್ಲಿ ಮಾಡಿದ್ದು ಒಂದೂವರೆ ಅಡಿಯವರೆಗೆ ಮಣ್ಣು ಅಗೆದು ಸಾಗಿಸಿ, ಹೊಸ ಮಣ್ಣು ತುಂಬುವ ಕೆಲಸ. 2016ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಅಂದಿನ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿ ಪರೀಕ್ಷೆಗೂ ಈ ಕೆಲಸಕ್ಕೂ 17.66 ಕೋಟಿ ಡಾಲರ್ ಕೊಟ್ಟರು. ಕೆರೆಯ ‘ಹೂಳೆತ್ತುವುದು’ ನಮಗೆ ಗೊತ್ತಿರುವ ಮಾತು. ಅದೇ ಅಚ್ಚಿನಲ್ಲಿ ‘ಮಣ್ಣೆತ್ತುವ ಕಾಮಗಾರಿ’ ಎಂದರೆ ಹೇಗೆ? ‘ಕಾಮಗಾರಿ’ ಎಂದೊಡನೆ ಎಷ್ಟು ಹಣ, ಯಾರ ಹಣ, ಎಷ್ಟು ಮನೆ ಮುಗಿಯಿತು ಎಂದು ಕೇಳುವುದು ನಮ್ಮ ಓದುಗರಿಗೆ ರೂಢಿ. ಅಲ್ಲಿನವರೂ ವರ್ಷಗಟ್ಟಲೆ ಇದನ್ನೇ ಕೇಳುತ್ತಿದ್ದರು.

ಇದೇ ಜಾತಿಗೆ ಸೇರಿದ್ದು ‘ಸುರಕ್ಷಿತ ಮಟ್ಟ’. ಕ್ಯಾಲಿಫೋರ್ನಿಯಾ 2009ರಲ್ಲಿ ಮನೆಯ ಮಣ್ಣಿಗೆ ಇಟ್ಟುಕೊಂಡ ಗೆರೆ ಕಿಲೋಗೆ 80 ಮಿಲಿಗ್ರಾಂ ಸೀಸ. ಅದೇ ಕಾಲಕ್ಕೆ ಅಮೆರಿಕದ ಕೇಂದ್ರ ಸರ್ಕಾರದ ಪರಿಸರ ಸಂಸ್ಥೆಯ ಗೆರೆ 400, ಅದನ್ನು 200ಕ್ಕೆ ಇಳಿಸಿದ್ದು 2024ರ ಜನವರಿಯಲ್ಲಿ. ಒಂದೇ ಅಂಗಳ, ಎರಡು ಸರ್ಕಾರ, ಎರಡು ಅಳತೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಡ್ಡಿಯಿಲ್ಲ ಎನ್ನುವ ಮಟ್ಟವೇ ತಿಳಿದಿಲ್ಲ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ಹೇಳುವಾಗ ‘ಸುರಕ್ಷಿತ’ ಎಂದು ಬರೆಯಲು ನನಗೆ ಮನಸ್ಸಿಲ್ಲ. ನದಿಗೆ ‘ಅಪಾಯದ ಮಟ್ಟ’ ಎನ್ನುತ್ತೇವಲ್ಲ, ಹಾಗೆ ‘ಎಚ್ಚರಿಕೆಯ ಮಟ್ಟ’ ಎಂದು ಬರೆದಿದ್ದೇನೆ. ಆಕ್ಷೇಪವಿದ್ದರೆ ತಿಳಿಸಿ.

ರಾಜಕಾರಣದ ಪದಗಳಲ್ಲಿ ಒಂದನ್ನು ನಾನೇ ತೀರ್ಮಾನಿಸಿದ್ದೇನೆ. ಕಾರ್ಖಾನೆ ಮೂರು ದಶಕಕ್ಕೂ ಹೆಚ್ಚು ಕಾಲ, 1981ರಿಂದ, ಪೂರ್ಣ ಪರವಾನಗಿಯಿಲ್ಲದೆ ನಡೆಯಿತು. ಅದಕ್ಕಿದ್ದ ಅನುಮತಿಯನ್ನು ‘ಹಂಗಾಮಿ’ ಎಂದು ಬರೆಯುತ್ತೇನೆ. ಹಂಗಾಮು ಎಂದರೆ ಎಷ್ಟು ದಿನ ಎಂದು ರೈತರಿಗೆ ಹೇಳಿಕೊಡಬೇಕಾಗಿಲ್ಲ.

ತೀರ್ಮಾನಿಸಲಾಗದೆ ಉಳಿದದ್ದು ಕೊನೆಯ ಪದ. 2015ರ ಮಾರ್ಚಿನಲ್ಲಿ ಕಂಪನಿ ಅಪಾಯಕಾರಿ ತ್ಯಾಜ್ಯದ ಅಪರಾಧಗಳನ್ನು ಒಪ್ಪಿಕೊಂಡು, ಮೊಕದ್ದಮೆ ಹೂಡದಿರುವ ಒಪ್ಪಂದ ಮಾಡಿಕೊಂಡು, ಕಾರ್ಖಾನೆಯನ್ನು ಶಾಶ್ವತವಾಗಿ ಮುಚ್ಚಿತು. 2020ರ ಅಕ್ಟೋಬರಿನಲ್ಲಿ ದಿವಾಳಿ ನ್ಯಾಯಾಲಯ ಆ ಜಾಗವನ್ನು ಬಿಟ್ಟುಬಿಡಲು ಕಂಪನಿಗೆ ಅನುಮತಿ ಕೊಟ್ಟಿತು, ಹೊರೆ ರಾಜ್ಯದ ತೆರಿಗೆದಾರರ ಮೇಲೆ ಬಿತ್ತು. ಈ ಬಿಡುವಿಕೆಗೆ ಕಾನೂನಿನ ಕನ್ನಡದಲ್ಲಿ ‘ಪರಿತ್ಯಾಗ’ ಎಂದು ಒಬ್ಬ ವಕೀಲ ಮಿತ್ರರು ಸೂಚಿಸಿದರು. ತ್ಯಾಗ ಎಂಬುದು ನಮ್ಮಲ್ಲಿ ದೊಡ್ಡವರ ಗುಣ. ಮಕ್ಕಳ ಅಂಗಳದಲ್ಲಿ ಸೀಸ ಉಳಿಸಿ ಹೋದವರಿಗೆ ಆ ಪದವನ್ನು ನಾನು ಕೊಡಲಾರೆ. ‘ಕೈಬಿಟ್ಟಿತು’ ಎಂದರೆ ಕಾನೂನಿನ ತೂಕವಿಲ್ಲ, ‘ಕೈತೊಳೆದುಕೊಂಡಿತು’ ಎಂದರೆ ನನ್ನ ಸಿಟ್ಟು ಇಣುಕುತ್ತದೆ. ‘ಹೊಣೆ ಕಳಚಿಕೊಂಡಿತು’ ಎಂಬುದು ಸಮೀಪ ಬರುತ್ತದೆ, ಆದರೆ ಅದರಲ್ಲಿ ಜಾಗದ ಮಾತೇ ಇಲ್ಲ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ತುಪ್ಪಿಲ್ ವೆಂಕಟೇಶ್ ಅವರು ಸೀಸವಿಷದ ರಾಷ್ಟ್ರೀಯ ಕೇಂದ್ರವನ್ನು ನಡೆಸಿದ್ದು ಹಲವರಿಗೆ ಗೊತ್ತಿರಬಹುದು. ಅಂಥ ಕಡೆ ತಾಯಂದಿರೊಡನೆ ಕನ್ನಡದಲ್ಲಿ ಮಾತನಾಡಿದವರು ಬಳಗದಲ್ಲಿದ್ದರೆ, ಮಗುವಿನ ರಕ್ತದಲ್ಲಿ ಸೀಸ ಇದೆ ಎಂಬುದನ್ನು ಯಾವ ಮಾತಿನಲ್ಲಿ ಹೇಳುತ್ತಿದ್ದಿರಿ ಎಂದು ದಯವಿಟ್ಟು ಬರೆಯಿರಿ. ಲೇಖನ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.