ಕಪ್ಪು-ಬಿಳುಪು ಚುಕ್ಕೆಗಳ ಯಾದೃಚ್ಛಿಕ ಚಿತ್ರ: ಇಮೇಜ್‌ಮ್ಯಾಜಿಕ್‌ನಲ್ಲಿ ಸರಿಯಾದ ಕ್ರಮ ಯಾವುದು?

ಪ್ರಶ್ನೆ: ಪ್ರೌಢಶಾಲಾ ಗಣಿತ ಶಿಕ್ಷಕ, ಗದಗ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಂಬತ್ತನೆಯ ತರಗತಿಯ ಮಕ್ಕಳು ಗುಪ್ತಲಿಪಿಯ ಪ್ರಯೋಗವೊಂದನ್ನು ಸಿದ್ಧಪಡಿಸುತ್ತಿದ್ದಾರೆ. ಎರಡು ಪಾರದರ್ಶಕ ಹಾಳೆಗಳ ಮೇಲೆ ಅರ್ಥವಿಲ್ಲದ ಚುಕ್ಕೆಗಳಷ್ಟೇ ಇರುತ್ತವೆ. ಒಂದರ ಮೇಲೊಂದನ್ನು ಸರಿಯಾಗಿ ಇಟ್ಟಾಗ ಮಾತ್ರ ಅಕ್ಷರ ಮೂಡುತ್ತದೆ. 1994ರಲ್ಲಿ ಗುಪ್ತಲಿಪಿ ಸಂಶೋಧಕರಾದ ನಾವೋರ್ ಮತ್ತು ಶಮೀರ್ ಮಂಡಿಸಿದ ವಿಧಾನ ಇದಕ್ಕೆ ಹೆಸರಾಗಿದೆಯಾದರೂ, ನಾವು ಆರಿಸಿಕೊಂಡಿರುವುದು 1987ರಲ್ಲಿ ಕಾಫ್ರಿ ಮತ್ತು ಕೆರೆನ್ ತೋರಿಸಿದ, ಇನ್ನೂ ಸರಳವಾದ ದಾರಿ.

ಮೊದಲ ಹಾಳೆಗೆ ಪೂರ್ತಿ ಯಾದೃಚ್ಛಿಕವಾದ ಕಪ್ಪು-ಬಿಳುಪು ಚಿತ್ರ ಬೇಕು. ಉಬುಂಟು ಗಣಕದಲ್ಲಿ ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಲ್ಲಿ, ಚಿತ್ರಗಳನ್ನು ತಿದ್ದುವ ಇಮೇಜ್‌ಮ್ಯಾಜಿಕ್ ತಂತ್ರಾಂಶಕ್ಕೆ 'ಪ್ಲಸ್ ನಾಯ್ಸ್ ರ‍್ಯಾಂಡಮ್' ಎಂದು ಕೊಟ್ಟರೆ ರಂಗಪಂಚಮಿಯ ಮರುದಿನದ ಗೋಡೆಯಂತೆ ಎಲ್ಲ ಬಣ್ಣಗಳೂ ಬಂದವು. ಅದನ್ನು ಬೂದುಬಣ್ಣಕ್ಕೆ ತಿರುಗಿಸಿ 'ಮೊನೋಕ್ರೋಮ್' ಕೊಟ್ಟಾಗ ಕಪ್ಪು-ಬಿಳುಪೇನೋ ಆಯಿತು, ಆದರೆ ಚುಕ್ಕೆಗಳು ಕೂರಿಗೆಯಿಂದ ಬಿತ್ತಿದಂತೆ ತೀರ ಸಮವಾಗಿ ಹರಡಿದಂತೆ ಕಾಣುತ್ತವೆ. ಅದರ ಬದಲು ಬೂದು ಚಿತ್ರಕ್ಕೆ 'ಥ್ರೆಶೋಲ್ಡ್' (ಒಂದು ಗಡಿಗಿಂತ ಕಡಿಮೆ ಬೆಲೆಯ ಚುಕ್ಕೆಗಳನ್ನು ಕಪ್ಪು, ಉಳಿದವನ್ನು ಬಿಳಿ ಮಾಡುವ ಆಜ್ಞೆ) 20% ಕೊಟ್ಟು ನೋಡಿದರೆ ಐದರಲ್ಲಿ ಒಂದು ಚುಕ್ಕೆ ಕಪ್ಪಾಗಬೇಕಿತ್ತು. ಮಕ್ಕಳು ಎಣಿಸಿದಾಗ ಹತ್ತಕ್ಕೆ ಒಂದೂ ಸಿಗಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ ಎಂದು ಬಲ್ಲವರು ತಿಳಿಸಬೇಕು.

ಉತ್ತರ 1: ಧಾರವಾಡದಿಂದ

ಮಾಸ್ತರರಿಗೆ ನಮಸ್ಕಾರ. ಮಕ್ಕಳು ಎಣಿಸಿ ನೋಡಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ದೋಷ ಇರುವುದು ಕಣ್ಣಿಗೆ ಕಾಣದ ಕಡೆಯಲ್ಲಿ.

ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳಿಗೂ 'ನಾಯ್ಸ್' ಆಜ್ಞೆ ಬೇರೆಬೇರೆ ಯಾದೃಚ್ಛಿಕ ಬೆಲೆ ಕೊಡುತ್ತದೆ. ಬೂದುಬಣ್ಣಕ್ಕೆ ತಿರುಗಿಸುವುದೆಂದರೆ ಆ ಮೂರನ್ನೂ ಒಂದೊಂದು ತೂಕದಲ್ಲಿ ಕೂಡಿಸುವುದು. ಒಂದೇ ದಾಳ ಹಾಕಿದರೆ ಆರೂ ಮುಖಗಳಿಗೆ ಸಮಾನ ಅವಕಾಶವಿದೆ. ಮೂರು ದಾಳಗಳ ಮೊತ್ತ ಹಿಡಿದರೆ 216 ವಿಧಗಳಲ್ಲಿ 10 ಬರುವುದು 27 ವಿಧಗಳಲ್ಲಿ, 3 ಬರುವುದು ಒಂದೇ ವಿಧದಲ್ಲಿ. ನಿಮ್ಮ ಬೂದು ಚಿತ್ರದಲ್ಲಿಯೂ ಬೆಲೆಗಳು ಹಾಗೆಯೇ ನಡುವಿಗೆ ಗುಂಪುಗೂಡಿವೆ. ಗಡಿಯನ್ನು 50%ಕ್ಕೆ ಇಟ್ಟರೆ ಇದು ಗೊತ್ತೇ ಆಗುವುದಿಲ್ಲ, 20%ಕ್ಕೆ ಇಳಿಸಿದೊಡನೆ ಲೆಕ್ಕ ತಪ್ಪುತ್ತದೆ.

'ಮೊನೋಕ್ರೋಮ್' ಮಾಡುವ ಕೆಲಸವೇ ಬೇರೆ. ಛಾಯಾಚಿತ್ರದ ನೆರಳು-ಬೆಳಕನ್ನು ಉಳಿಸಿಕೊಳ್ಳಲು ಅದು ಒಂದು ಚುಕ್ಕೆಯಲ್ಲಿ ಉಳಿದ ವ್ಯತ್ಯಾಸವನ್ನು ಅಕ್ಕಪಕ್ಕದ ಚುಕ್ಕೆಗಳಿಗೆ ಹಂಚುತ್ತದೆ, ಹೀಗಾಗಿ ಒಂದು ಚುಕ್ಕೆಗೂ ಅದರ ನೆರೆಯ ಚುಕ್ಕೆಗೂ ನಂಟು ಬೆಳೆಯುತ್ತದೆ. ನಿಜವಾದ ಯಾದೃಚ್ಛಿಕತೆಯಲ್ಲಿ ಅಲ್ಲಲ್ಲಿ ಗುಂಪು, ಅಲ್ಲಲ್ಲಿ ಬಯಲು ಇದ್ದೇ ಇರುತ್ತದೆ. ಸಮವಾಗಿ ಹರಡಿದೆ ಎಂದು ನಿಮಗೆ ಅನುಮಾನ ಬಂದದ್ದು ಸರಿಯಾಗಿಯೇ ಇದೆ.

ಕ್ರಮ ಹೀಗಿರಲಿ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳು ಬೇಕು): 'ಸೈಜ್' 180×180, ಖಾಲಿ ಬಿಳಿ ಹಾಳೆಗೆ 'ಎಕ್ಸ್‌ಸಿ' ಮತ್ತು ಕೋಲನ್, 'ಪ್ಲಸ್ ನಾಯ್ಸ್ ರ‍್ಯಾಂಡಮ್', ಬಳಿಕ 'ಚಾನೆಲ್ ಜಿ' ಮತ್ತು 'ಸೆಪರೇಟ್' ಕೊಟ್ಟು ಹಸಿರು ಪದರವೊಂದನ್ನೇ ಬೇರ್ಪಡಿಸಿ, ಕೊನೆಗೆ 'ಥ್ರೆಶೋಲ್ಡ್' 50%. 'ನಾಯ್ಸ್' ಪದಕ್ಕೆ ಮೊದಲು ಪ್ಲಸ್ ಚಿಹ್ನೆಯೇ ಇರಬೇಕು, ಮೈನಸ್ ಹಾಕಿದರೆ ಅದು ಕಲಬೆರಕೆ ಚುಕ್ಕೆಗಳನ್ನು ಅಳಿಸುವ ಶೋಧಕವಾಗುತ್ತದೆ. ಪರೀಕ್ಷೆಗೂ ದಾರಿಯಿದೆ: ಒಟ್ಟು 32,400 ಚುಕ್ಕೆಗಳಲ್ಲಿ ಕಪ್ಪು ಚುಕ್ಕೆಗಳು 16,200ರ ಆಸುಪಾಸಿನಲ್ಲಿ, ಹೆಚ್ಚಿನ ಸಲ 180ರಷ್ಟು ಅತ್ತಿತ್ತ, ಇರಬೇಕು.

ಎರಡನೆಯ ಹಾಳೆಗೆ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬರೆದು, ಅದನ್ನೂ ಥ್ರೆಶೋಲ್ಡ್ ಮಾಡಿ (ಇಲ್ಲವಾದರೆ ಅಕ್ಷರದ ಅಂಚಿನಲ್ಲಿ ಬೂದು ಉಳಿಯುತ್ತದೆ), ಮೊದಲ ಚಿತ್ರದೊಂದಿಗೆ 'ಡಿಫರೆನ್ಸ್' ವಿಧಾನದಲ್ಲಿ ಸೇರಿಸಿರಿ. ಅಕ್ಷರ ಇರುವಲ್ಲಿ ಚುಕ್ಕೆಗಳು ತಿರುವುಮುರುವಾಗುತ್ತವೆ, ಉಳಿದೆಡೆ ಹಾಗೆಯೇ ಇರುತ್ತವೆ. ಒಂದು ಮಾತು ಮಕ್ಕಳಿಗೆ ತಪ್ಪದೆ ಹೇಳಿರಿ: ಒಂದೇ ಮೊದಲ ಹಾಳೆಯನ್ನು ಎರಡು ಗುಟ್ಟುಗಳಿಗೆ ಬಳಸಬಾರದು, ಏಕೆಂದರೆ ಆ ಎರಡು 'ಎರಡನೆಯ ಹಾಳೆ'ಗಳನ್ನು ಪರಸ್ಪರ ಹೋಲಿಸಿದರೆ ಮೊದಲ ಹಾಳೆ ಇಲ್ಲದೆಯೇ ಎರಡೂ ಅಕ್ಷರಗಳ ಗುರುತು ಹೊರಬೀಳುತ್ತದೆ.

ಉತ್ತರ 2: ಹುಬ್ಬಳ್ಳಿಯಿಂದ, ಮುದ್ರಣದ ಕೆಲಸ ಮಾಡುವವ

ಮೇಲಿನವರು ಹೇಳಿದ್ದು ಸರಿಯಿದೆ. ನಾನು ಮುದ್ರಣದ ಬಗ್ಗೆ ಮಾತ್ರ ಬರೆಯುತ್ತೇನೆ. ಇಂಥ ಪ್ರಯೋಗಗಳು ಹೆಚ್ಚಾಗಿ ಕೆಡುವುದು ಝೆರಾಕ್ಸ್ ಅಂಗಡಿಯಲ್ಲಿಯೇ.

ಚಿತ್ರವನ್ನು ಪಿಎನ್‌ಜಿ ಆಗಿ ಉಳಿಸಿರಿ, ಜೆಪೆಗ್ ಬೇಡ. ಜೆಪೆಗ್ 8×8 ಚುಕ್ಕೆಗಳ ಚೌಕಗಳಲ್ಲಿ ಸೂಕ್ಷ್ಮ ಏರಿಳಿತವನ್ನು ಬಿಟ್ಟುಕೊಟ್ಟು ಜಾಗ ಉಳಿಸುತ್ತದೆ. ನಿಮ್ಮ ಚಿತ್ರದಲ್ಲಿ ಇರುವುದೆಲ್ಲ ಸೂಕ್ಷ್ಮ ಏರಿಳಿತವೇ. ಮೊಬೈಲ್ ಸಂದೇಶದಲ್ಲಿ ಚಿತ್ರವಾಗಿ ಕಳುಹಿಸಿದರೂ ಇದೇ ಗತಿ, ಆದ್ದರಿಂದ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ದೊಡ್ಡದು ಮಾಡಲು 'ರೀಸೈಜ್' ಬಳಸಿದರೆ ಚುಕ್ಕೆಗಳ ಅಂಚು ಮಸುಕಾಗುತ್ತದೆ, 'ಸ್ಕೇಲ್' 1200% ಕೊಡಿರಿ. ಆಗ ಒಂದೊಂದು ಚುಕ್ಕೆಯೂ 12×12 ಪಿಕ್ಸೆಲ್‌ಗಳ ಗಟ್ಟಿ ಚೌಕವಾಗಿ ಒಟ್ಟು ಅಗಲ 2160 ಪಿಕ್ಸೆಲ್ ಆಗುತ್ತದೆ, ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ 18.3 ಸೆಂಟಿಮೀಟರ್. ಎ4 ಹಾಳೆಯಲ್ಲಿ ಸಲೀಸಾಗಿ ಕೂರುತ್ತದೆ, ಚುಕ್ಕೆ ಸುಮಾರು ಒಂದು ಮಿಲಿಮೀಟರ್ ಇರುವುದರಿಂದ ಮಕ್ಕಳ ಕೈಗೂ ಹೊಂದಿಸಲು ಬರುತ್ತದೆ. ಮುದ್ರಿಸುವಾಗ 'ಹಾಳೆಗೆ ಹೊಂದಿಸು' ಎಂಬುದನ್ನು ತೆಗೆಸಿ, ಎರಡೂ ಹಾಳೆಗಳನ್ನು ಒಂದೇ ಪ್ರಿಂಟರಿನಲ್ಲಿ, ಒಂದೇ ದಿಕ್ಕಿನಲ್ಲಿ ಹಾಕಿಸಿರಿ. ಬಿಸಿಗೆ ಪಾರದರ್ಶಕ ಹಾಳೆ ಒಂದಿಷ್ಟು ಹಿಗ್ಗುತ್ತದೆ. ಎರಡೂ ಒಂದೇ ರೀತಿ ಹಿಗ್ಗಿದರೆ ತೊಂದರೆಯಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಅನಂತ ಧನ್ಯವಾದಗಳು. ಹಸಿರು ಪದರದಿಂದ ಮಾಡಿದ ಚಿತ್ರದಲ್ಲಿ ಕಪ್ಪು ಚುಕ್ಕೆಗಳು 16,131 ಬಂದವು. ನಿನ್ನೆ ಸಂಜೆ ಮುದ್ರಿಸಿ ತಂದ ಹಾಳೆಗಳನ್ನು ಇಂದು ತರಗತಿಯ ಕಿಟಕಿಯ ಗಾಜಿಗೆ ಹಿಡಿದೆವು. ಮೊದಲು ಬರೀ ಕಪ್ಪು ಮಬ್ಬು. ಒಬ್ಬ ಹುಡುಗಿ ಮೇಲಿನ ಹಾಳೆಯನ್ನು ಬೆರಳ ತುದಿಯಿಂದ ಕೂದಲೆಳೆಯಷ್ಟು ಸರಿಸುತ್ತ ಹೋದಾಗ ಒಮ್ಮೆಲೇ 'ಗ' ಅಕ್ಷರ ಅಚ್ಚಗಪ್ಪಾಗಿ ನಿಂತಿತು, ಸುತ್ತಲಿನ ಅರ್ಧ ಚುಕ್ಕೆಗಳಿಂದ ಬೆಳಕು ಹಾಯುತ್ತಿತ್ತು. ಒಂದೇ ಒಂದು ಚುಕ್ಕೆಯಷ್ಟು ಸರಿದರೆ ಅದು ಪೂರ್ತಿ ಮಾಯವಾಗುತ್ತದೆ. ಹಾಳೆಗಳ ಮೂಲೆಗೆ ಕೂಡಿಸುವ ಗುರುತುಗಳನ್ನು ಹಾಕಬೇಕೆಂದು ಮಕ್ಕಳೇ ಹೇಳುತ್ತಿದ್ದಾರೆ; ನಾಳೆ ಅವುಗಳೊಂದಿಗೆ ಮತ್ತೊಮ್ಮೆ ಮುದ್ರಿಸುತ್ತೇವೆ.