ಟಿಕೆಟ್ ನಿಮಿಷದಲ್ಲಿ ಖಾಲಿ, ಸಂಜೆಗೆ ಮೂರು ಪಟ್ಟು ಬೆಲೆ. ಇದು ಹೇಗೆ ಸಾಧ್ಯ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದಿಂದ ಕೇಳುತ್ತಿರುವ ಬ್ಯಾಂಡ್ ಒಂದರ ಕಾನ್ಸರ್ಟ್‌ಗೆ ಟಿಕೆಟ್ ತೆಗೆದುಕೊಳ್ಳಲು ನಿನ್ನೆ ಅರ್ಧ ಗಂಟೆ ಮೊದಲೇ ಲಾಗಿನ್ ಆಗಿ ಕೂತಿದ್ದೆ. ಸೇಲ್ ಶುರುವಾದ ತಕ್ಷಣ ನನ್ನ ಮುಂದೆ 41 ಸಾವಿರ ಜನ ಇದ್ದಾರೆ ಅಂತ ತೋರಿಸಿತು. ಸರದಿ ತೋರಿಸುವ ನೀಲಿ ಗೆರೆ ಇಷ್ಟಿಷ್ಟೇ ಸರಿಯುತ್ತಿತ್ತು, ನೀರು ಕುಡಿಯಲು ಏಳೋಕೂ ಭಯ. ಕೊನೆಗೆ ಸರದಿ ಬಂದು ಸೀಟು ಒತ್ತಿದರೆ 'ಬೇರೆಯವರು ತೆಗೆದುಕೊಂಡಿದ್ದಾರೆ' ಅಂತ ಬರುತ್ತೆ. ನಾಲ್ಕು ಸಲವೂ ಇದೇ ಆಯ್ತು. ಸಂಜೆ ನೋಡಿದರೆ ಅದೇ ಸಾಲಿನ ಸೀಟುಗಳು ಮರುಮಾರಾಟದ ಸೈಟಿನಲ್ಲಿ ಮೂರು ಪಟ್ಟು ಬೆಲೆಗೆ ಕೂತಿವೆ. ತುಂಬಾ ಬೇಜಾರಾಯಿತು. ಇದು ಬರೀ ಬಾಟ್‌ಗಳ (ತಾನಾಗೇ ಟಿಕೆಟ್ ಬಾಚುವ ಸಾಫ್ಟ್‌ವೇರ್) ಕೆಲಸವಾ? ಕಲಾವಿದರು ಯಾಕೆ ಸುಮ್ನಿರ್ತಾರೆ?

ಉತ್ತರ 1:
ಬಾಟ್‌ಗಳ ಪಾತ್ರ ಇದೆ, ಆದರೆ ಅಷ್ಟೇ ಅಲ್ಲ. ಮೊದಲು ಎಷ್ಟು ಟಿಕೆಟ್ ನಿಜವಾಗಿ ನಿಮ್ಮ ಮುಂದೆ ಬಂತು ಅಂತ ಕೇಳಬೇಕು. ನ್ಯೂಯಾರ್ಕ್ ಅಟಾರ್ನಿ ಜನರಲ್ ಕಚೇರಿ 2016ರಲ್ಲಿ ಒಂದು ವರದಿ ಕೊಟ್ಟಿತ್ತು. ಬೇಡಿಕೆ ಜಾಸ್ತಿ ಇರುವ ಕಾರ್ಯಕ್ರಮಗಳಲ್ಲಿ ಸರಾಸರಿ ಶೇ. 46ರಷ್ಟು ಟಿಕೆಟ್ ಮಾತ್ರ ಸಾಮಾನ್ಯ ಜನರ ಸೇಲ್‌ಗೆ ಬರುತ್ತವೆ, ಉಳಿದವು ಪ್ರಿಸೇಲ್‌ಗೆ (ಕೆಲವರಿಗೆ ಮಾತ್ರ ಮೊದಲೇ ನಡೆಯುವ ಮಾರಾಟ) ಹೋಗುತ್ತವೆ ಅಥವಾ ಕಲಾವಿದರು, ಆಯೋಜಕರು, ಸಭಾಂಗಣದವರಿಗೆ ಅಂತ ಎತ್ತಿಟ್ಟಿರುತ್ತಾರೆ ಅಂತ ಅದರಲ್ಲಿತ್ತು. ಅಂದರೆ ನೀವು ಕ್ಯೂನಲ್ಲಿ ನಿಂತಿದ್ದು ಅರ್ಧ ಖಾಲಿಯಾದ ಅಂಗಡಿಯ ಮುಂದೆ. ಬಾಟ್ ಹಾಕಿ ಟಿಕೆಟ್ ಬಾಚುವುದರ ವಿರುದ್ಧ ಅಮೆರಿಕದಲ್ಲಿ 2016ರ ಡಿಸೆಂಬರ್‌ನಲ್ಲೇ ಕಾನೂನು ಬಂತು, ಆದರೆ ಅದರಡಿ ಮೊದಲ ಕ್ರಮ ಆಗಿದ್ದು 2021ರ ಜನವರಿಯಲ್ಲಿ. ನಾಲ್ಕು ವರ್ಷದ ಮೇಲೆ!

ಉತ್ತರ 2:
ನನಗೆ ಇದಕ್ಕಿಂತ ಸಿಟ್ಟು ಬರಿಸೋದು ಸ್ಪರ್ಧೆಯೇ ಇಲ್ಲದಿರುವುದು. ಎಷ್ಟೋ ದೊಡ್ಡ ಸಭಾಂಗಣಗಳು ಒಂದೇ ಟಿಕೆಟ್ ಕಂಪನಿಯ ಜೊತೆ ಹಲವು ವರ್ಷಗಳ ಒಪ್ಪಂದ ಮಾಡಿಕೊಂಡಿರುತ್ತವೆ. ನಾವು ಕೊಡುವ ಸೇವಾ ಶುಲ್ಕದಲ್ಲಿ ಸಭಾಂಗಣದವರಿಗೂ ಪಾಲು ಹೋಗುತ್ತೆ. ಹಾಗಿರುವಾಗ ಶುಲ್ಕ ಕಡಿಮೆ ಮಾಡುವ ಹೊಸ ಕಂಪನಿ ಬಂದರೆ ಸಭಾಂಗಣದವರಿಗೇ ನಷ್ಟ, ಅವರು ಯಾಕೆ ಬಾಗಿಲು ತೆಗೀತಾರೆ ಹೇಳಿ? ಕಾರ್ಯಕ್ರಮ ಏರ್ಪಡಿಸುವ ಲೈವ್ ನೇಷನ್ ಮತ್ತು ಟಿಕೆಟ್ ಮಾರುವ ಟಿಕೆಟ್‌ಮಾಸ್ಟರ್ ಕಂಪನಿಗಳು 2010ರಲ್ಲಿ ಒಂದಾದವು. ಕಾರ್ಯಕ್ರಮ ಏರ್ಪಡಿಸುವವರು, ಜಾಗದವರು, ಟಿಕೆಟ್ ಮಾರುವವರು ಒಂದೇ ಮನೆಯವರಾದರು. ಈ ಏಕಸ್ವಾಮ್ಯ ಮುರಿಯಬೇಕು ಅಂತ ಅಮೆರಿಕದ ನ್ಯಾಯ ಇಲಾಖೆ ಮೊಕದ್ದಮೆ ಹಾಕಿದ್ದು 2024ರ ಮೇನಲ್ಲಿ. ಪರ್ಲ್ ಜ್ಯಾಮ್ ಬ್ಯಾಂಡ್ 1994ರಲ್ಲೇ ಟಿಕೆಟ್‌ಮಾಸ್ಟರ್ ಮೇಲೆ ಇದೇ ಇಲಾಖೆಗೆ ದೂರು ಕೊಟ್ಟಿತ್ತು, ಮರುವರ್ಷ ತನಿಖೆ ಮುಚ್ಚಿಹೋಯಿತು.

ಉತ್ತರ 3:
ಕಲಾವಿದರು ಸುಮ್ನೆ ಇರ್ತಾರೆ ಅನ್ನೋದು ಪೂರ್ತಿ ಸರಿ ಅಲ್ಲ. ದಿ ಕ್ಯೂರ್ ಬ್ಯಾಂಡ್ 2023ರ ಅಮೆರಿಕ ಪ್ರವಾಸಕ್ಕೆ 20 ಡಾಲರ್‌ನಿಂದಲೇ ಟಿಕೆಟ್ ಇಟ್ಟಿತ್ತು. ಶುಲ್ಕ ಸೇರಿದಾಗ ಕೆಲವರಿಗೆ ಬೆಲೆ ಎರಡರಷ್ಟಾಯಿತು. ಬ್ಯಾಂಡ್‌ನ ಗಾಯಕ ರಾಬರ್ಟ್ ಸ್ಮಿತ್ ಟಿಕೆಟ್‌ಮಾಸ್ಟರ್ ಜೊತೆ ಎಲ್ಲರೆದುರು ಜಗಳ ತೆಗೆದ ಮೇಲೆ ಒಂದಷ್ಟು ಜನರಿಗೆ 5 ಇಲ್ಲವೇ 10 ಡಾಲರ್ ವಾಪಸ್ ಬಂತು. ಸಣ್ಣ ಮೊತ್ತವೇ, ಆದರೆ ಗಟ್ಟಿಯಾಗಿ ಕೇಳಿದರೆ ಏನಾದರೂ ಆಗುತ್ತೆ.

ಇನ್ನೊಂದು ಮಾತು, ಸ್ವಲ್ಪ ಕಹಿ ಅನ್ನಿಸಬಹುದು. ಅಭಿಮಾನಿಗಳಿಗೆ ಅನುಕೂಲವಾಗಲಿ ಅಂತ ಬೆಲೆ ಕಡಿಮೆ ಇಟ್ಟರೆ, ಆ ವ್ಯತ್ಯಾಸ ದಲ್ಲಾಳಿಯ ಜೇಬಿಗೆ ಹೋಗುತ್ತೆ. ಬೇಡಿಕೆ ನೋಡಿ ಬೆಲೆ ಏರಿಸಿದರೆ ದಲ್ಲಾಳಿಗೆ ಲಾಭ ಇಲ್ಲ, ಆದರೆ ಅಭಿಮಾನಿ ಹೊರಗೇ ಉಳೀತಾನೆ. 2024ರಲ್ಲಿ ಬ್ರಿಟನ್ನಿನ ಓಯಸಿಸ್ ಬ್ಯಾಂಡ್‌ನ ಟಿಕೆಟ್‌ಗೆ ಗಂಟೆಗಟ್ಟಲೆ ಕಾದವರು ಸುಮಾರು 150 ಪೌಂಡ್ ಅಂದುಕೊಂಡು ಬಂದಿದ್ದರು, ಸರದಿ ಬಂದಾಗ 350ಕ್ಕಿಂತ ಜಾಸ್ತಿ ಇತ್ತು. ನನ್ನ ಪ್ರಕಾರ ಕೊಂಡ ಬೆಲೆಗೇ ಮಾರಬೇಕು ಅನ್ನೋ ನಿಯಮವೇ ಸರಿ. ಐರ್ಲೆಂಡ್ 2021ರಲ್ಲಿ ಅದನ್ನು ಮಾಡಿತು. ಬೀದಿಯಲ್ಲಿ ಕಳ್ಳ ಮಾರಾಟ ಇದ್ದೇ ಇರುತ್ತೆ, ಆದರೂ ದೊಡ್ಡ ಸೈಟುಗಳಲ್ಲಿ ರಾಜಾರೋಷವಾಗಿ ಮಾರೋದು ನಿಲ್ಲುತ್ತೆ ಅಲ್ವಾ?

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಹಾಗಾದರೆ ಈಗ ಮೂರು ಪಟ್ಟು ಕೊಟ್ಟು ತಗೊಳ್ಳಲೇ ಬೇಕಾ?

ಉತ್ತರ 1:
ಈಗಲೇ ಬೇಡ. ವೇದಿಕೆ, ಕ್ಯಾಮೆರಾ ಎಲ್ಲಿ ಬರುತ್ತೆ ಅಂತ ಖಚಿತ ಆಗುವವರೆಗೆ ಕೆಲವು ಸೀಟು ತಡೆದಿಟ್ಟಿರುತ್ತಾರೆ. ಕಾರ್ಯಕ್ರಮದ ಹಿಂದಿನ ಒಂದೆರಡು ದಿನ, ಕೆಲವೊಮ್ಮೆ ಅದೇ ದಿನ ಬೆಳಗ್ಗೆ, ಮೂಲ ಬೆಲೆಗೇ ಬಿಡುತ್ತಾರೆ. ಅಧಿಕೃತ ಪುಟವನ್ನೇ ಮತ್ತೆ ಮತ್ತೆ ನೋಡ್ತಾ ಇರಿ. ಮರುಮಾರಾಟದವರೂ ಕೊನೇ ಗಂಟೆಗಳಲ್ಲಿ ಮಾರಾಟವಾಗದೆ ಉಳಿದರೆ ಬೆಲೆ ಇಳಿಸುತ್ತಾರೆ.