ಸಹಾಯ ಬೇಕು: ನಿದ್ರೆ ಮಾತ್ರೆ ಬಿಟ್ಟ ಮೇಲೆ ಸುಸ್ತು ಹೋಗುತ್ತಿಲ್ಲ

ನಮಸ್ಕಾರ. ನಾನು ಕೊಡಗಿನ ಸಿದ್ದಾಪುರ ಕಡೆಯವಳು, ವಯಸ್ಸು 46. ನಿದ್ರೆ ಬಾರದೆ ಮೂರು ವರ್ಷ ಕ್ಲೋನಾಜೆಪಾಮ್ ತೆಗೆದುಕೊಂಡೆ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು ಎಂದು ಡಾಕ್ಟರ್ ಎಂಟು ತಿಂಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿದರು. ಪೂರ್ತಿ ಬಿಟ್ಟು ಈಗ ಹತ್ತು ವಾರ.

ಕೈ ನಡುಕ, ಎದೆ ಡವಡವ ಕಡಿಮೆಯಾಗಿದೆ. ನಿದ್ರೆಯೂ ಐದು ಗಂಟೆ ಬರುತ್ತಿದೆ. ಆದರೆ ಈ ಸುಸ್ತು! ರೊಬಸ್ಟಾ ಕೊಯ್ಲಿನ ಸಮಯ ಬೇರೆ. ಕಣದಲ್ಲಿ ಕಾಫಿ ಹರವಲು ಹೋದರೆ ಹತ್ತು ನಿಮಿಷಕ್ಕೆ ಕಾಲು ಸೋಲುತ್ತದೆ, ಕೈ ಸೀಸದ ಹಾಗೆ ಭಾರ. ಮೊನ್ನೆ ಅಲ್ಲೇ ಚೀಲದ ಮೇಲೆ ಕೂತುಬಿಟ್ಟೆ. ಮನೆಯವರಿಗೆ ಇದು ಸೋಮಾರಿತನ ಅನ್ನಿಸುತ್ತದೆ. ಅದೇ ಜಾಸ್ತಿ ನೋವು.

ರಕ್ತ, ಥೈರಾಯ್ಡ್, ಬಿ12 ಎಲ್ಲ ನೋಡಿಸಿದೆ, ಸರಿ ಇದೆ. ಮಧ್ಯಾಹ್ನದ ಮೇಲೆ ಕಾಫಿ ಬಿಟ್ಟೆ. ಹಗಲು ಮಲಗಿದರೆ ರಾತ್ರಿ ನಿದ್ರೆ ಕೆಡುತ್ತದೆ.

ಗೊಂದಲ ಇಲ್ಲೇ. ಸ್ವಲ್ಪ ಚೆನ್ನಾಗಿರುವ ದಿನ ತೋಟದಲ್ಲಿ ಒಂದು ಸುತ್ತು ಹಾಕಿದರೆ ಮುಂದಿನ ಎರಡು ದಿನ ಏಳಲಾಗುವುದಿಲ್ಲ. ಸುಮ್ನೆ ಮಲಗಿದರೆ ಮೈ ಇನ್ನೂ ಜಡ. ಕೆಲವರಿಗೆ ತಿಂಗಳುಗಟ್ಟಲೆ ಬೇಕು ಎನ್ನುತ್ತಾರೆ ಡಾಕ್ಟರ್. ಅವರ ಮಾತು ನಂಬುತ್ತೇನೆ. ಮಾತ್ರೆಗೆ ವಾಪಸ್ ಹೋಗುವ ಮನಸ್ಸಂತೂ ಇಲ್ಲ.

ಇಂಥ ಮಾತ್ರೆ ಬಿಟ್ಟವರು ಇಲ್ಲಿದ್ದರೆ ದಯವಿಟ್ಟು ಹೇಳಿ: ದಿನಕ್ಕೆ ಎಷ್ಟು ಕೆಲಸ, ಎಷ್ಟು ವಿಶ್ರಾಂತಿ ಎಂದು ಹೇಗೆ ಹೊಂದಿಸಿಕೊಂಡಿರಿ? ಎಷ್ಟನೇ ತಿಂಗಳಿಗೆ ನಿಮಗೆ ಮೈ ಹಗುರವಾಯಿತು?